ನದಿ ತಂದ ಗೊಬ್ಬರವೇ ಕಡಲ ಮೀನಿಗೆ ಮೇವೇ?

ಪ್ರಶ್ನೆ: ಮಳೆಗಾಲದಲ್ಲಿ ಘಟ್ಟದ ನದಿಗಳು ಕಾಡಿನ ಗೊಬ್ಬರವನ್ನು ಹೊತ್ತು ತಂದು ಕಡಲಿಗೆ ಸುರಿಯುವುದರಿಂದಲೇ ಅಲ್ಲವೇ ನಮಗೆ ಬೂತಾಯಿ, ಬಂಗುಡೆ ಸಿಗುವುದು? ನದಿಯನ್ನು ತಿರುಗಿಸಿದರೆ ಮೀನು ಉಳಿದೀತೇ?

ಉತ್ತರ: ಎರಡು ತಿಂಗಳ ನಿಷೇಧ ಮುಗಿದು ಬೋಟುಗಳು ನೀರಿಗಿಳಿಯುವ ಆಗಸ್ಟ್ ಬಂತೆಂದರೆ ಈ ಪ್ರಶ್ನೆಯೂ ತಪ್ಪದೆ ಬರುತ್ತದೆ. ಹಿಂದೆಯೂ ಉತ್ತರಿಸಿದ್ದೇನೆ, ಉತ್ತರ ಓದಿದವರೇ ಮರುವರ್ಷ ಅದನ್ನೇ ಸ್ವಲ್ಪ ಬದಲಿಸಿ ಕೇಳಿದ್ದೂ ಉಂಟು. ಆದ್ದರಿಂದ ಈ ಸಲ ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ: ಅಲ್ಲ. ಬೂತಾಯಿ, ಬಂಗುಡೆಗಳ ಮೇವಿಗೆ ಬೇಕಾದ ಪೋಷಕಾಂಶಗಳ ಬಹುಪಾಲು ಬರುವುದು ಘಟ್ಟದಿಂದಲ್ಲ, ಕಡಲಿನ ಆಳದಿಂದ.

ಮುಂಗಾರಿನ ಗಾಳಿ ನಮ್ಮ ದಡದ ಹತ್ತಿರ ತುಸು ಓರೆಯಾಗಿ, ಕರಾವಳಿಯ ಉದ್ದಕ್ಕೂ ದಕ್ಷಿಣದ ಕಡೆಗೆ ಬೀಸುತ್ತದೆ. ಭೂಮಿ ತಿರುಗುತ್ತಿರುವ ಕಾರಣ ಉತ್ತರಾರ್ಧಗೋಳದಲ್ಲಿ ಗಾಳಿ ತಳ್ಳಿದ ಮೇಲ್ಪದರದ ನೀರು ಗಾಳಿಯ ಬಲಬದಿಗೆ ಸರಿಯುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತವನ ಬಲಕ್ಕೆ ಪಶ್ಚಿಮವಿರುವುದರಿಂದ ಆ ನೀರು ದಡ ಬಿಟ್ಟು ಹೊರಗಡಲಿಗೆ ಹೋಗುತ್ತದೆ, ತೆರವಾದ ಜಾಗಕ್ಕೆ ಕೆಳಗಿನ ತಣ್ಣನೆಯ ನೀರು ಏರಿಬರುತ್ತದೆ. ಇದಕ್ಕೆ ಅಪ್‌ವೆಲ್ಲಿಂಗ್ ಎನ್ನುತ್ತಾರೆ. ಗಾಳಿಯೊಂದೇ ಇದನ್ನು ಮಾಡುವುದಿಲ್ಲ, ಶ್ರೀಲಂಕಾವನ್ನು ಬಳಸಿ ದಡ ಹಿಡಿದು ಬರುವ, ಕಣ್ಣಿಗೆ ಕಾಣದ ಒಳ ಅಲೆಗಳ ಪಾಲೂ ಇದರಲ್ಲಿದೆ. ಅಪ್‌ವೆಲ್ಲಿಂಗ್ ಮುಂಗಾರಿನ ಆರಂಭಕ್ಕೆ ಕೇರಳದ ದಕ್ಷಿಣ ತುದಿಯಲ್ಲಿ ಕಾಣಿಸಿಕೊಂಡು, ಕ್ರಮೇಣ ನಮ್ಮ ಕರಾವಳಿಯನ್ನು ದಾಟಿ ಗೋವಾದವರೆಗೂ ಹೋಗುತ್ತದೆ. ಮೇಲಿನಿಂದ ಸತ್ತು ಬಿದ್ದದ್ದೆಲ್ಲ ಬೆಳಕು ತಲುಪದ ಆಳದಲ್ಲಿ ಕೊಳೆತು ನೈಟ್ರೇಟ್, ಫಾಸ್ಫೇಟ್‌ಗಳಾಗಿ ಸಂಗ್ರಹವಾಗಿರುತ್ತದೆ. ಅದು ಬೆಳಕಿನ ಪದರಕ್ಕೆ ಬಂದಾಗ ಡಯಾಟಮ್‌ನಂಥ ಸೂಕ್ಷ್ಮಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿ ಅವನ್ನೇ ಸೋಸಿ ತಿನ್ನುವ ಮೀನು.

ಇಷ್ಟು ಹೇಳಿದರೂ "ಕೆಂಪು ನೀರು ಕಡಲಿಗೆ ಸೇರುವುದನ್ನು ನಾವೇ ನೋಡುತ್ತೇವಲ್ಲ" ಎಂಬ ಮಾತು ನಿಲ್ಲುವುದಿಲ್ಲ. ಸರಿ, ನದಿಯ ಗೊಬ್ಬರವೇ ಮೀನನ್ನು ಬೆಳೆಸುವುದಾದರೆ ಬಂಗಾಳ ಕೊಲ್ಲಿಯಲ್ಲಿ ಮೀನು ಉಕ್ಕಿ ಹರಿಯಬೇಕಿತ್ತು. ಗಂಗೆ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣೆ, ಕಾವೇರಿ, ಆಚೆ ಬದಿಯಿಂದ ಮ್ಯಾನ್ಮಾರ್‌ನ ಐರಾವತಿ, ಎಲ್ಲವೂ ಸೇರುವುದು ಅಲ್ಲಿಗೆ. ನಮ್ಮ ಘಟ್ಟದ ಪಶ್ಚಿಮಕ್ಕೆ ಹರಿಯುವ ನದಿಗಳನ್ನೆಲ್ಲ ಕೂಡಿಸಿದರೂ ಆ ಲೆಕ್ಕದ ಹತ್ತಿರ ಸುಳಿಯುವುದಿಲ್ಲ. ಹಾಗಿದ್ದೂ ಅರಬ್ಬೀ ಸಮುದ್ರವೇ ಹೆಚ್ಚು ಫಲವತ್ತಾದದ್ದು. ಇದು ಏಕೆಂದು ಗೋವಾದ ದೋನಾ ಪೌಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2002ರಲ್ಲೇ ವಿವರಿಸಿದ್ದಾರೆ: ಉಪ್ಪುನೀರಿಗಿಂತ ಹಗುರವಾದ ಸಿಹಿನೀರು ಕೊಲ್ಲಿಯ ಮೇಲೆ ಮುಚ್ಚಳದಂತೆ ಕೂತುಬಿಡುತ್ತದೆ, ಅಲ್ಲಿನ ಗಾಳಿಗೆ ಅದನ್ನು ಕಲಕಿ ಕೆಳಗಿನ ಪೋಷಕಾಂಶವನ್ನು ಮೇಲೆತ್ತುವಷ್ಟು ಕಸುವು ಇಲ್ಲ. ನದಿ ತಂದ ನೈಟ್ರೇಟ್ ಹೆಚ್ಚಾಗಿ ಅಳಿವೆಯಲ್ಲೂ ಅದರ ಬಾಯಲ್ಲೂ ಖರ್ಚಾಗುತ್ತದೆ.

ಇನ್ನು ಉಲ್ಟಾ ಉದಾಹರಣೆ ಬೇಕೆಂದರೆ ಓಮನ್‌ಗೆ ಹೋಗೋಣ. ಕರಾವಳಿಯ ಎಷ್ಟೋ ಮನೆಗಳವರು ದುಡಿಯುತ್ತಿರುವ ದೇಶವಾದ್ದರಿಂದ ದೂರವೇನಲ್ಲ. ಸದಾ ಹರಿಯುವ ದೊಡ್ಡ ನದಿ ಅಲ್ಲಿ ಒಂದೂ ಇಲ್ಲ, ದಡದ ಹಿಂದೆ ಇರುವುದು ಮರುಭೂಮಿ. ಆದರೂ ಇದೇ ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿನ ಕಡಲು ನಮ್ಮದಕ್ಕಿಂತ ಪ್ರಬಲವಾದ ಅಪ್‌ವೆಲ್ಲಿಂಗ್‌ನಿಂದ ಹಸಿರಾಗುತ್ತದೆ. ಅಲ್ಲಿನ ಬೇಸಿಗೆಯ ರಜೆಯಲ್ಲಿ ದಕ್ಷಿಣದ ಸಲಾಲಾಕ್ಕೆ ಹೋಗಿ ಮಂಜು, ತುಂತುರು ಕಂಡು ಬಂದವರು ನೆನಪಿಸಿಕೊಳ್ಳಲಿ: ತೇವದ ಗಾಳಿ ಆ ತಣ್ಣನೆಯ ನೀರಿನ ಮೇಲೆ ಹಾದು ಬಂದುದರಿಂದಲೇ ಆ ಮಂಜು. ಅಲ್ಲಿನ ಧೋಫಾರ್ ದಡದಲ್ಲಿ ಬೂತಾಯಿಯ ಜಾತಿಯ ಮೀನನ್ನು ಒಣಗಿಸಿ ಒಂಟೆ, ದನಗಳಿಗೆ ಮೇವಾಗಿ ಹಾಕುವಷ್ಟು ಹಿಡಿಯುತ್ತಾರೆ. ಯಾವ ನದಿಯ ಗೊಬ್ಬರ ಅದನ್ನು ಬೆಳೆಸಿತು?

ನಮ್ಮ ಕಡಲಲ್ಲಿ ಈ ತಣ್ಣೀರು ನಮಗೇಕೆ ತಿಳಿಯುವುದಿಲ್ಲ ಎಂಬುದಕ್ಕೂ ನದಿ, ಮಳೆಗಳೇ ಕಾರಣ. ದೋನಾ ಪೌಲಾದ ಅದೇ ಸಂಸ್ಥೆ 1997ರಿಂದ ಗೋವಾದ ಕ್ಯಾಂಡೋಲಿಮ್ ಎದುರು, 30 ಮೀಟರಿಗಿಂತ ತುಸು ಕಡಿಮೆ ಆಳದ ಒಂದೇ ಜಾಗದಲ್ಲಿ ಮತ್ತೆ ಮತ್ತೆ ನೀರು ತೆಗೆದು ಪರೀಕ್ಷಿಸುತ್ತಾ ಬಂದಿದೆ. ಮಳೆಗಾಲದ ಕೊನೆಯಲ್ಲಿ ಅಲ್ಲಿ ಉಪಕರಣ ಇಳಿಸಿದರೆ ಮೊದಲ 5ರಿಂದ 10 ಮೀಟರ್ ಬೆಚ್ಚಗಿನ, ಉಪ್ಪು ಕಡಿಮೆಯಾದ ನೀರು. ಅದನ್ನು ದಾಟಿದ್ದೇ ತಡ ಉಪ್ಪು ಏರುತ್ತದೆ, ಉಷ್ಣತೆ ಬೀಳುತ್ತದೆ, ತಳದಲ್ಲಿ ಅದು 22 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ದೋಣಿಯಿಂದ ಕೈ ಅದ್ದಿದವನಿಗೆ ಇದಾವುದೂ ಗೊತ್ತಾಗುವುದಿಲ್ಲ.

ಹಾಗಾದರೆ ನದಿ ನೀರು ಸಮುದ್ರಕ್ಕೆ "ವ್ಯರ್ಥವಾಗಿ" ಹೋಗುತ್ತಿದೆ ಎಂದು ನಾನು ಒಪ್ಪಿಕೊಂಡಂತಾಯಿತೆಂದು ಯಾರೂ ಸಂಭ್ರಮಿಸಬೇಕಾಗಿಲ್ಲ. ಅಘನಾಶಿನಿಯ ಬಳಚು (ಚಿಪ್ಪುಮೀನು), ಅಳಿವೆಯಲ್ಲಿ ಬೆಳೆದು ಕಡಲಿಗಿಳಿಯುವ ಸಿಗಡಿ ಮರಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ದಡಕ್ಕೆ ಬೇಕಾದ ಮರಳು, ಇವೆಲ್ಲವೂ ನದಿಯ ಋಣದಲ್ಲಿವೆ. ನದಿ ತಿರುವನ್ನು ವಿರೋಧಿಸಲು ಇಷ್ಟು ಗಟ್ಟಿ ಕಾರಣಗಳಿರುವಾಗ ಬೂತಾಯಿಯ ಹೆಸರಿನಲ್ಲಿ ತಪ್ಪು ವಾದ ಹೂಡಿ ಎದುರಾಳಿಯ ಕೈಗೆ ಕೋಲು ಕೊಡುವುದೇಕೆ?

ಯಾರೂ ಕೇಳದ ಒಂದು ಪ್ರಶ್ನೆ ಇಲ್ಲಿದೆ, ನನಗೆ ಮೊದಲಿನದಕ್ಕಿಂತ ಇದೇ ಹೆಚ್ಚು ಮುಖ್ಯವೆನಿಸುತ್ತದೆ: ಆಳದ ನೀರು ಪೋಷಕಾಂಶದ ಜೊತೆ ಇನ್ನೇನನ್ನು ತರುತ್ತದೆ? ಆಮ್ಲಜನಕದ ಕೊರತೆಯನ್ನು ತರುತ್ತದೆ. ಅರಬ್ಬೀ ಸಮುದ್ರದ ನಡು ಆಳ, ಸುಮಾರು 150ರಿಂದ 1000 ಮೀಟರಿನವರೆಗೆ, ಜಗತ್ತಿನಲ್ಲೇ ಅತಿ ಕಡಿಮೆ ಆಮ್ಲಜನಕವಿರುವ ಪದರಗಳಲ್ಲೊಂದು. ದಡದತ್ತ ಏರಿಬರುವ ನೀರಿನಲ್ಲಿ ಮೊದಲೇ ಆಮ್ಲಜನಕ ಕಡಿಮೆ. ಮೇಲೆ ಬೆಳೆದ ಸಸ್ಯರಾಶಿ ಸತ್ತು ಕೆಳಗೆ ಕೊಳೆಯುವಾಗ ಉಳಿದದ್ದೂ ಖಾಲಿಯಾಗುತ್ತದೆ, ಸಿಹಿನೀರಿನ ಪದರ ಮೇಲಿನ ಗಾಳಿಯನ್ನು ಕೆಳಗೆ ಬೆರೆಯಲು ಬಿಡುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ತಳದ ನೀರು ತುಂಬಿ ಮೇಲೆತ್ತಿದ ಸೀಸೆಯ ನಲ್ಲಿ ತಿರುಗಿಸಿದರೆ ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಅದು ಹೈಡ್ರೋಜನ್ ಸಲ್ಫೈಡ್. ದೋನಾ ಪೌಲಾದ ಅದೇ ಸಂಸ್ಥೆಯ ವಿಜ್ಞಾನಿ ನಖ್ವಿ ಮತ್ತು ಸಂಗಡಿಗರು 2000ದಲ್ಲಿ ಈ ಸ್ಥಿತಿಯನ್ನು ವರದಿ ಮಾಡಿದಾಗ, ಹೊಲಗಳಿಂದ ಬರುವ ಗೊಬ್ಬರ ಇದನ್ನು ಇನ್ನಷ್ಟು ತೀವ್ರಗೊಳಿಸುತ್ತಿರಬಹುದೆಂಬ ಶಂಕೆಯನ್ನೂ ಮುಂದಿಟ್ಟರು. ನದಿಯ ಗೊಬ್ಬರದ ಬಗ್ಗೆ ಕೇಳಬೇಕಾಗಿದ್ದದ್ದು ಇದು.

ತಳದ ಮೀನು ಅಂಥ ನೀರಿನಲ್ಲಿ ನಿಲ್ಲುವುದಿಲ್ಲ. ಕೇರಳದ ಎದುರು ಏರಿಬಂದ ನೀರು ಟ್ರಾಲ್ ಬಲೆಯ ಹಿಡುವಳಿಯನ್ನು ಹೇಗೆ ಕುಗ್ಗಿಸುತ್ತದೆಂದು ಸಾಗರವಿಜ್ಞಾನಿ ಕಾರ್ಲ್ ಬಾನ್ಸೆ 1959ರಲ್ಲೇ ಬರೆದಿದ್ದರು. ಆದ್ದರಿಂದ ತಳ ಕೆರೆದ ಬಲೆ ಬರಿದಾಗಿ ಬಂದ ವಾರದಲ್ಲೇ ಮೇಲ್ಪದರದ ಬಂಗುಡೆ ದಡದ ಬಲೆಗೆ ಸಿಕ್ಕಿದರೆ, ಒಬ್ಬರ ಪಾಲನ್ನು ಇನ್ನೊಬ್ಬರು ಕದ್ದರೆಂದು ಬಂದರಿನಲ್ಲಿ ಜಗಳಕ್ಕೆ ನಿಲ್ಲುವ ಮೊದಲು ತಳದ ನೀರಿನ ಆಮ್ಲಜನಕ ಎಷ್ಟಿತ್ತೆಂದು ವಿಚಾರಿಸುವುದು ಒಳ್ಳೆಯದು. ನವೆಂಬರ್ ಹೊತ್ತಿಗೆ ದಡದ ಪ್ರವಾಹ ಉತ್ತರಕ್ಕೆ ತಿರುಗಿ, ಬಂಗಾಳ ಕೊಲ್ಲಿಯ ಕಡೆಯ ಉಪ್ಪು ಕಡಿಮೆಯಾದ ನೀರನ್ನು ಇತ್ತ ತರುತ್ತದೆ, ಏರಿದ್ದ ತಣ್ಣೀರು ಕೆಳಗಿಳಿಯುತ್ತದೆ, ತಳಕ್ಕೆ ಮತ್ತೆ ಆಮ್ಲಜನಕ ಸಿಗುತ್ತದೆ.