ಎಐ ಖಚಿತವಾಗಿ ಹೇಳಿದ ಮೇಲೂ ಅನುಮಾನಿಸಬೇಕೆ?

ಪ್ರಶ್ನೆ: ನಾಪೋಕ್ಲು ಕಡೆ ನಮ್ಮ ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿಗಳ ಎಲೆ ಹಳದಿಯಾಗುತ್ತಿದೆ. ಎಐ ಆ್ಯಪ್‌ಗೆ ಫೋಟೊ ಹಾಕಿದೆ. ರೋಗದ ಹೆಸರು, ಔಷಧಿ, ಪ್ರಮಾಣ ಎಲ್ಲವನ್ನೂ ಅರೆಗಳಿಗೆಯಲ್ಲಿ ಹೇಳಿತು. ‘ಖಚಿತವೇ?’ ಎಂದರೆ ‘ಹೌದು’ ಎನ್ನುತ್ತದೆ. ನಂಬಿ ಔಷಧಿ ಹೊಡೆಯಬಹುದೇ?

ಉತ್ತರ: ಅದೊಂದನ್ನೇ ನಂಬಿ ಹೊಡೆಯಬೇಡಿ. ಮೊದಲು ಬಳ್ಳಿಯ ಬುಡ ನೋಡಿ. ಶೀಘ್ರ ಸೊರಗು ರೋಗವಾದರೆ ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ಮಳೆಗಾಲದ ಒದ್ದೆ ಮಣ್ಣಿನಲ್ಲಿ ಹಬ್ಬಿ ಬೇರನ್ನೂ ಬುಡವನ್ನೂ ಕೊಳೆಸುತ್ತದೆ. ನಿಧಾನ ಸೊರಗು ರೋಗದಲ್ಲಿ ಬೇರಿಗೆ ಜಂತುಹುಳು ಬಿದ್ದಿರುತ್ತದೆ. ಪೋಷಕಾಂಶ ಕಡಿಮೆಯಾದರೂ, ಬೇಸಿಗೆಯಲ್ಲಿ ನೀರು ಸಾಲದಿದ್ದರೂ ಎಲೆ ಹಳದಿಯೇ. ಒಂದೊಂದಕ್ಕೂ ಉಪಚಾರ ಬೇರೆ. ಫೋಟೊದಲ್ಲಿರುವುದು ಎಲೆ, ತೊಂದರೆ ಇರುವುದು ಮಣ್ಣಿನೊಳಗೆ. ತಿಳಿದವರು ಬಂದರೆ ಬುಡ ಕೆದಕಿ ಬೇರು ನೋಡುತ್ತಾರೆ, ನೀರು ನಿಲ್ಲುತ್ತದೆಯೇ, ಹೋದ ವಾರ ಎಷ್ಟು ಇಂಚು ಮಳೆ ಬಂತು ಎಂದೆಲ್ಲ ವಿಚಾರಿಸುತ್ತಾರೆ. ಆ್ಯಪ್ ಇದರಲ್ಲಿ ಒಂದನ್ನಾದರೂ ಕೇಳಿತೇ? ಕೇಳದೆಯೇ ತೀರ್ಪು ಕೊಟ್ಟಿದ್ದರೆ ಅಲ್ಲೇ ಅನುಮಾನ ಶುರುವಾಗಬೇಕು.

ಚಾಟ್‌ಜಿಪಿಟಿಯಂಥ ವ್ಯವಸ್ಥೆಗಳು ಅಪಾರ ಬರಹದಿಂದ ಕಲಿತು, ಮುಂದೆ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕುತ್ತ ವಾಕ್ಯ ಕಟ್ಟುತ್ತವೆ. ಸರಿಯುತ್ತರ, ತಪ್ಪುತ್ತರ ಎರಡೂ ಹುಟ್ಟುವುದು ಇದೇ ದಾರಿಯಲ್ಲಿ. ಆದ್ದರಿಂದ ಎರಡರ ಧಾಟಿಯೂ ಒಂದೇ. ಗೊತ್ತಿಲ್ಲದ್ದನ್ನು ಹೇಳುವಾಗ ಮನುಷ್ಯರು ಸಾಮಾನ್ಯವಾಗಿ ತಡವರಿಸುತ್ತಾರೆ. ನಾವು ನೆಚ್ಚಿಕೊಂಡಿರುವ ಆ ಸುಳಿವು ಇಲ್ಲಿ ಸಿಗುವುದಿಲ್ಲ.

‘ಖಚಿತವೇ?’ ಎಂಬ ಮರುಪ್ರಶ್ನೆಗೆ ಬರುವ ಉತ್ತರವೂ ಹಾಗೆಯೇ ತಯಾರಾಗುತ್ತದೆ. ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ್ದರು. ಈ ಪ್ರಕರಣ ನಿಜವೇ ಎಂದು ಅದನ್ನೇ ಕೇಳಿದಾಗ ಹೌದೆಂದಿತ್ತು. ಅಂಥ ತೀರ್ಪುಗಳು ಇರಲೇ ಇಲ್ಲ. 2023ರ ಜೂನ್‌ನಲ್ಲಿ ಕೋರ್ಟು 5,000 ಡಾಲರ್ ದಂಡ ವಿಧಿಸಿತು. ಪರಿಶೀಲನೆ ಆಗಬೇಕಾದ್ದು ಯಂತ್ರದ ಹೊರಗೆ.

ಹಾಗೆಂದು ಎಐ ಕೆಲಸಕ್ಕೆ ಬಾರದ್ದು ಎನ್ನಲಾರೆ. 100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ಸೇರಿಸಿದರೆ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೊ ದ್ರಾವಣ ಎಂಬುದು ಎಷ್ಟೋ ಕಡೆ ಅಚ್ಚಾಗಿರುವ ವಿಷಯ. ಇಂಥದ್ದರಲ್ಲಿ ಅದು ಎಡವುವುದು ಕಡಿಮೆ. ನಿಮ್ಮ ತೋಟದ ಇಳಿಜಾರು, ನೆರಳು, ಮಣ್ಣು ಎಲ್ಲೂ ಅಚ್ಚಾಗಿಲ್ಲ. ಕೊಡವ ತಕ್ಕಿನಲ್ಲಿ ಕೇಳಿದರೆ ಕಷ್ಟ ಇನ್ನೂ ಹೆಚ್ಚು, ಏಕೆಂದರೆ ಅದು ಕಲಿಯಲು ಆ ಭಾಷೆಯ ಬರಹವೇ ಅಂತರ್ಜಾಲದಲ್ಲಿ ತೀರಾ ಕಡಿಮೆ. ನಮ್ಮ ಹಿರಿಯರ ತಲೆಯಲ್ಲಿರುವ ತೋಟದ ತಿಳಿವಳಿಕೆಯಂತೂ ಬಹುಪಾಲು ಕಾಗದಕ್ಕೇ ಇಳಿದಿಲ್ಲ. ಇದು ನನ್ನನ್ನು ಬಹಳ ಕಾಡುವ ಸಂಗತಿ.

ಪ್ರಶ್ನೆಯನ್ನು ತಿರುಗಿಸಿ ಕೇಳಿ ನೋಡಿ: ‘ಎಲೆ ಹಳದಿಯಾಗಲು ಏನೇನು ಕಾರಣ ಇರಬಹುದು? ಒಂದನ್ನು ಇನ್ನೊಂದರಿಂದ ಗುರುತಿಸಲು ಬಳ್ಳಿಯಲ್ಲಿ ಏನು ನೋಡಬೇಕು?’ ಆ ಪಟ್ಟಿ ಹಿಡಿದು ತೋಟಕ್ಕೆ ಇಳಿಯಿರಿ. ಬಳಿಕ ಸ್ವಲ್ಪ ಬೇರು, ಬುಡದ ಮಣ್ಣು ಚೀಲಕ್ಕೆ ಹಾಕಿಕೊಂಡು ಮಡಿಕೇರಿ ಬಳಿಯ ಅಪ್ಪಂಗಳದಲ್ಲಿರುವ ಸಾಂಬಾರ ಬೆಳೆ ಸಂಶೋಧನಾ ಕೇಂದ್ರದಲ್ಲಿ ತೋರಿಸಿ. ಅಲ್ಲಿಯವರೆಗೆ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ಬಿಡಿಸಿಡಿ. ರೋಗ ಯಾವುದೇ ಇರಲಿ, ಚರಂಡಿ ಬಿಡಿಸುವುದರಿಂದ ಬಳ್ಳಿಗೆ ಕೆಡುಕಿಲ್ಲ.