ಗೇಮ್ ಆಡಿದ ಹುಡುಗ ಏನು ಕಲಿತಿರುತ್ತಾನೆ?

ಪ್ರೋಗ್ರಾಂ ಬರೆದು ರನ್ ಕೊಡುತ್ತಾರೆ, ಎರರ್ ಬರುತ್ತದೆ. ಆಗ ಮೊದಲ ವರ್ಷದ ಹುಡುಗರನ್ನು ನೋಡಬೇಕು. ಕೆಲವರು ಕೀಬೋರ್ಡಿನಿಂದ ಕೈ ತೆಗೆದು ನನ್ನ ಮುಖ ನೋಡುತ್ತಾರೆ. ಇನ್ನು ಕೆಲವರು ತಲೆಯೇ ಎತ್ತುವುದಿಲ್ಲ. ಒಂದು ಸಾಲು ಬದಲಿಸಿ ಮತ್ತೆ ರನ್, ಮತ್ತೆ ಎರರ್, ಮತ್ತೆ ಬದಲು. ಇವರನ್ನು ಮಾತಿಗೆ ಎಳೆದರೆ ಎಷ್ಟೋ ಜನ ಚಿಕ್ಕಂದಿನಲ್ಲಿ ಚೆನ್ನಾಗಿ ಗೇಮ್ ಆಡಿದವರೇ. ಕಲಬುರಗಿಯ ಲ್ಯಾಬೊಂದರಲ್ಲಿ ಪಾಠ ಮಾಡುತ್ತಾ ಕಂಡ ಮಾತು ಇದು, ಸಂಶೋಧನೆ ಅಲ್ಲ ಬಿಡಿ.

ಸೋತರೂ ಮತ್ತೆ ಪ್ರಯತ್ನಿಸುವ ಈ ರೂಢಿ ಎಲ್ಲಿಂದ ಬರುತ್ತದೆ? 1985ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಲೆವೆಲ್ ನೆನಪಿಸಿಕೊಳ್ಳಿ. ಹೇಗೆ ಆಡಬೇಕು ಅಂತ ಅದು ಒಂದಕ್ಷರ ಹೇಳಲ್ಲ. ಆಟದ ನಾಯಕ ಮಾರಿಯೋ ಎಡಗಡೆ ನಿಂತಿದ್ದಾನೆ, ಬಲಗಡೆ ಖಾಲಿ ಜಾಗ, ಹಾಗಾಗಿ ಬೆರಳು ತಾನೇ ಬಲಕ್ಕೆ ಒತ್ತುತ್ತದೆ. ಎದುರಿಂದ ಒಂದು ಕಂದು ಪ್ರಾಣಿ ಬರುತ್ತದೆ, ತಾಗಿದರೆ ಸಾವು. ಆದರೆ ಆಟ ಶುರುವಾಗಿ ಕೆಲವೇ ಸೆಕೆಂಡ್ ಆಗಿರುವುದರಿಂದ ಕಳಕೊಂಡದ್ದು ಹೆಚ್ಚೇನಿಲ್ಲ, ಮುಂದಿನ ಸಲ ಹುಡುಗ ಜಿಗಿಯುತ್ತಾನೆ. ಪ್ರಶ್ನೆ ಚಿಹ್ನೆಯ ಡಬ್ಬಕ್ಕೆ ತಲೆ ಹೊಡೆದರೆ ಒಂದು ಅಣಬೆ ಬರುತ್ತದೆ, ಮುಂದಿನ ಪೈಪಿಗೆ ಬಡಿದು ವಾಪಸ್ ಮಾರಿಯೋ ಕಡೆಗೇ ತಿರುಗುತ್ತದೆ. ಮೇಲೆ ಇಟ್ಟಿಗೆ ಇರುವುದರಿಂದ ತಪ್ಪಿಸಿಕೊಳ್ಳೋದೂ ಕಷ್ಟ. ತಾಗಿದ ಮೇಲೆ ಗೊತ್ತಾಗುತ್ತದೆ, ಇದು ಶತ್ರು ಅಲ್ಲ, ಇದರಿಂದ ಮಾರಿಯೋ ದೊಡ್ಡವನಾಗುತ್ತಾನೆ ಅಂತ. ಈ ಆಟ ರೂಪಿಸಿದ ಶಿಗೆರು ಮಿಯಾಮೊಟೊ ಇದನ್ನೆಲ್ಲ ಬೇಕಂತಲೇ ಹೀಗೆ ಜೋಡಿಸಿದ್ದರು. ನಮ್ಮ ಎಷ್ಟು ಪಠ್ಯಪುಸ್ತಕಗಳ ಮೊದಲ ಪಾಠ ಹೀಗಿದೆ ಹೇಳಿ?

ನಮ್ಮ ಕಡೆ ಇದಕ್ಕೆ ಇನ್ನೊಂದು ಸೇರಿಕೊಂಡಿತ್ತು. ಮೇ ತಿಂಗಳ 42-43 ಡಿಗ್ರಿ ಬಿಸಿಲಿಗೆ ಹೊರಗೆ ಕಾಲಿಡೋ ಹಾಗಿಲ್ಲ, ಮನೆಯಲ್ಲಿ ಟಿವಿ ಗೇಮ್, ಮಾರಿಯೋ ಕ್ಯಾಸೆಟ್‌ನಲ್ಲಿ ಸೇವ್ ಮಾಡೋ ದಾರಿಯೇ ಇಲ್ಲ. ಕರೆಂಟ್ ಹೋಯಿತೋ, ನಾಲ್ಕನೇ ವರ್ಲ್ಡ್, ಅಂದರೆ ಆಟದ ನಾಲ್ಕನೇ ಘಟ್ಟ, ಮುಟ್ಟಿದವನೂ ಮತ್ತೆ ಮೊದಲಿಂದ. ಬೈಕೊಂಡಾದರೂ ಶುರು ಮಾಡುತ್ತಿದ್ದರು. ಎರಡನೇ ಲೆವೆಲ್‌ನಲ್ಲಿ ಚಾವಣಿ ಮೇಲೆ ಹತ್ತಿ ಓಡಿದರೆ ನೇರ ಮುಂದಿನ ವರ್ಲ್ಡ್‌ಗಳಿಗೆ ಹಾರಬಹುದು ಅನ್ನೋ ಗುಟ್ಟು ಇಂಟರ್ನೆಟ್ ಇಲ್ಲದೆಯೇ ಓಣಿಯಿಂದ ಓಣಿಗೆ ಹಬ್ಬಿತ್ತು.

ಹಾಗಂತ ಗೇಮ್ ಆಡಿದರೆ ಗಣಿತ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2003ರಲ್ಲಿ ಶಾನ್ ಗ್ರೀನ್ ಮತ್ತು ಡಾಫ್ನೆ ಬವೇಲಿಯರ್ 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗೇಮ್ ರೂಢಿ ಇಲ್ಲದವರಿಗೆ ಒಟ್ಟು 10 ಗಂಟೆ ಗುಂಡು ಹಾರಿಸುವ ಆಟ ಆಡಿಸಿದಾಗ, ಕಣ್ಣಿಗೆ ಕಂಡದ್ದರ ಮೇಲೆ ಗಮನ ಇಡುವ ಪರೀಕ್ಷೆಗಳಲ್ಲಿ ಅವರು ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಆಡಿದವರಿಗಿಂತ ಹೆಚ್ಚು ಸುಧಾರಿಸಿದ್ದರು. ಗಮನ ಅಷ್ಟೇ. ಆಟದಲ್ಲಿ ಕಲಿತದ್ದು ಹೆಚ್ಚಾಗಿ ಆಟದ ಅಕ್ಕಪಕ್ಕದಲ್ಲೇ ಉಳಿಯುತ್ತದೆ, ಯಾರಾದರೂ ಕೈ ಹಿಡಿದು ಹೊರಗೆ ತರಬೇಕು.

"ಸರ್, ಹುಡ್ಗ ದಿನಾ ಮೊಬೈಲ್‌ನ್ಯಾಗೇ ಇರ್ತಾನ್ರಿ, ಏನ್ ಮಾಡ್ಬೇಕ್ರಿ?" ಅಂತ ಕೇಳುವವರಿಗೆ ನಾನು ಮೊದಲು ಕೇಳೋದು, ಯಾವ ಗೇಮ್? ಈಗಿನ ಎಷ್ಟೋ ಮೊಬೈಲ್ ಗೇಮ್‌ಗಳಲ್ಲಿ ದಿನಾ ಬಂದರೆ ಬಹುಮಾನ, ಬೇಗ ಮುಂದೆ ಹೋಗೋಕೆ ದುಡ್ಡು. ಸೋತ ಹುಡುಗ ಎಲ್ಲಿ ತಪ್ಪಿದೆ ಅಂತ ಯೋಚಿಸುವ ಬದಲು ಅಪ್ಪನ ಯುಪಿಐ ಪಿನ್ ಹುಡುಕಿದರೆ ಅದು ಕಲಿಕೆ ಅಲ್ಲ. ರಜೆಯಲ್ಲಿ ನಾಲ್ಕು ದಿನ ಜಾಸ್ತಿ ಆಡಿದ್ದು ರೋಗವೂ ಅಲ್ಲ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆ ಇದೆ ನಿಜ. ಆದರೆ ಹಿಡಿತ ತಪ್ಪಿ, ಉಳಿದದ್ದೆಲ್ಲ ಹಿಂದೆ ಬಿದ್ದು, ನಷ್ಟ ಆಗುತ್ತಿದ್ದರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಾದರೂ ಇರಬೇಕು. ಹಾಗಿದ್ದರೆ ವೈದ್ಯರ ಹತ್ತಿರ ಹೋಗಿ, ನನ್ನ ಹತ್ತಿರ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಗೇಮ್, ಮೊಬೈಲ್ ಗೀಳಿಗೆಂದೇ 2014ರಿಂದ ಕ್ಲಿನಿಕ್ ಇದೆ.

ಉಳಿದವರಿಗೆ ನನ್ನ ಸಲಹೆ, ಆಡುವವನಿಂದ ಒಂದು ಗೇಮ್ ಮಾಡಿಸಿ. 2024ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡ ಡೆಮಿಸ್ ಹಸಾಬಿಸ್ ಹದಿಹರೆಯದಲ್ಲೇ 'ಥೀಮ್ ಪಾರ್ಕ್' ಎಂಬ ಗೇಮ್ ಕಟ್ಟುವ ತಂಡದಲ್ಲಿದ್ದವರು. ಅಷ್ಟು ದೂರ ಬೇಡ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2007ರಲ್ಲಿ ಬಿಟ್ಟ ಸ್ಕ್ರ್ಯಾಚ್, ಬಣ್ಣದ ಬ್ಲಾಕ್ ಜೋಡಿಸಿ ಮಕ್ಕಳು ಪ್ರೋಗ್ರಾಂ ಮಾಡುವ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಒಂದು ಬೊಂಬೆ ಜಿಗಿಯಬೇಕು, ಅಷ್ಟೇ ಕೆಲಸ. ಮೊದಲು ಅದು ಲಿಫ್ಟ್ ಥರ ಒಂದೇ ವೇಗದಲ್ಲಿ ಏರಿ ಇಳಿಯುತ್ತದೆ, ಹುಡುಗನಿಗೆ ಸಮಾಧಾನ ಇಲ್ಲ. ವೇಗದಿಂದ ಪ್ರತಿ ಸಲ ಸ್ವಲ್ಪ ಕಳೆ ಅಂತ ಹೇಳಿಕೊಡಿ. ಕಳೆಯುತ್ತಾ ವೇಗ ಸೊನ್ನೆಯಾಗಿ, ಮೈನಸ್ ಆಗಿ, ಬೊಂಬೆ ಕೆಳಗೆ ಬೀಳುತ್ತದೆ. ಒಂಬತ್ತನೇ ಕ್ಲಾಸಿನ ಚಲನೆಯ ಪಾಠದಲ್ಲಿ ಬಾಯಿಪಾಠ ಮಾಡಿದ ಸೂತ್ರವೇ ಇದು. ಎಷ್ಟು ಕಳೆದರೆ ಜಿಗಿತ ಸರಿ ಬರುತ್ತದೆ ಅಂತ ಇನ್ನು ಅವನೇ ಸಂಖ್ಯೆ ಬದಲಿಸುತ್ತಾ ಕೂರುತ್ತಾನೆ, ಊಟಕ್ಕೆ ಕರೆದರೂ ಬರಲ್ಲ.