ಹಿಂದಿನ ಸ್ಪ್ರಾಕೆಟ್‌ಗೆ ಎಷ್ಟು ಹಲ್ಲು?

ಪ್ರಶ್ನೆ: ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇವೆ. ತಂಡದಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರೇ ನಾಲ್ಕೈದು ಮಂದಿ. ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಾಗಿ ಕೆಟಿಎಂ 390 ಎಂಜಿನ್ ಇಟ್ಟು ರೇಸ್ ಕಾರು ಕಟ್ಟುತ್ತಿದ್ದೇವೆ. ಬೈಕಿನಲ್ಲಿ ಮುಂದೆ 15, ಹಿಂದೆ 45 ಹಲ್ಲಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಇದೆ. ಕಾರು ಬೈಕಿಗಿಂತ ಭಾರವಾದ್ದರಿಂದ ಹಿಂದೆ 50 ಹಲ್ಲಿನದು ಹಾಕಿದರೆ ಪಿಕಪ್ ಹೆಚ್ಚುತ್ತದೆ ಎನ್ನುತ್ತಾರೆ ಸೀನಿಯರ್‌ಗಳು. ಇದು ಸರಿಯೇ?

ಉತ್ತರ: ಸರಿಯಲ್ಲ. 50 ಬೇಡ, 45 ಕೂಡ ಬೇಡ. 38ರ ಆಸುಪಾಸಿಗೆ ಬನ್ನಿ.

ಈ ಎಂಜಿನ್ ತಯಾರಾಗುವುದು ನಿಮ್ಮ ಪಕ್ಕದ ಚಾಕಣದಲ್ಲಿರುವ ಬಜಾಜ್ ಕಾರ್ಖಾನೆಯಲ್ಲಿ. ಬಿಡಿಭಾಗ ಬೇಕೆಂದರೆ ನಾನಾ ಪೇಠೆಗೆ ಹೋದರಾಯಿತು. ಹಾಗಾಗಿ ಪುಣೆಯ ತಂಡಗಳಿಗೆ ಇದು ಸುಲಭದ ಆಯ್ಕೆ, ಒಳ್ಳೆಯ ಆಯ್ಕೆಯೂ ಹೌದು. ಆದರೆ ಎಂಜಿನ್ ಜೊತೆಗೆ ಬೈಕಿನ ಲೆಕ್ಕವನ್ನೂ ಕಾರಿಗೆ ತಂದುಬಿಡುತ್ತೇವೆ. ತೊಂದರೆ ಶುರುವಾಗುವುದು ಅಲ್ಲೇ.

ಮೊದಲು ಚಕ್ರವನ್ನು ನೋಡಿ. ಬೈಕಿನ ಹಿಂದಿನ ಚಕ್ರ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಸಾಗುತ್ತದೆ. ನಿಮ್ಮ ಕಾರಿನಲ್ಲಿ 10 ಇಂಚಿನ ರಿಮ್ಮಿಗೆ 18 ಇಂಚು ವ್ಯಾಸದ ಟೈರ್ ಇದ್ದರೆ, ಭಾರ ಬಿದ್ದಾಗ ಅದು ಸಾಗುವುದು 1.4 ಮೀಟರ್ ಮಾತ್ರ. ಅಂದರೆ ಸ್ಪ್ರಾಕೆಟ್ ಮುಟ್ಟದಿದ್ದರೂ ನೀವು ಆಗಲೇ ಕಾಲು ಭಾಗಕ್ಕಿಂತ ಹೆಚ್ಚು ವೇಗವನ್ನು ಕೊಟ್ಟು ಎಳೆತ ಕೊಂಡಿದ್ದೀರಿ. 50 ಹಲ್ಲಿನದು ಹಾಕುವುದೆಂದರೆ ಅದನ್ನೇ ಎರಡನೆಯ ಬಾರಿ ಕೊಳ್ಳುವುದು.

ಹಾಗೆ ಕೊಂಡ ಎಳೆತವನ್ನು ಟೈರ್ ನೆಲಕ್ಕೆ ದಾಟಿಸಬೇಕಲ್ಲ! 373 ಸಿಸಿಯ 390 ಎಂಜಿನ್ ಕೊಡುವ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 35 ನ್ಯೂಟನ್ ಮೀಟರ್. ಎಂಜಿನ್‌ನಿಂದ ಕ್ಲಚ್‌ಗೆ ಹೋಗುವ ಪ್ರೈಮರಿ ಗೇರ್ 30ಕ್ಕೆ 80, ಮೊದಲನೆಯ ಗೇರ್ 12ಕ್ಕೆ 32, ಎರಡೂ 2.67. ಟಾರ್ಕನ್ನು ಇವೆರಡರಿಂದಲೂ ಸ್ಪ್ರಾಕೆಟ್‌ನ 3ರಿಂದಲೂ (15ಕ್ಕೆ 45) ಗುಣಿಸಿ, ಶೇಕಡಾ 10 ನಷ್ಟ ಕಳೆದು, ಟೈರಿನ ತ್ರಿಜ್ಯದಿಂದ (ಸುತ್ತಿಗೆ 1.4 ಮೀಟರ್ ಎಂದರೆ 0.223 ಮೀಟರ್) ಭಾಗಿಸಿದರೆ, ಮೊದಲನೆಯ ಗೇರಿನಲ್ಲಿ ನೆಲಕ್ಕೆ ತಲುಪಬೇಕಾದ ಬಲ ಸುಮಾರು 3,000 ನ್ಯೂಟನ್. ಚಾಲಕನೂ ಸೇರಿ ಕಾರು 280 ಕಿಲೋ ಎಂದಿಟ್ಟುಕೊಳ್ಳಿ. ಜೋರಾಗಿ ಹೊರಟಾಗ ಹಿಂದಕ್ಕೆ ವಾಲುವ ಭಾರವನ್ನೂ ಸೇರಿಸಿದರೆ ಹಿಂದಿನ ಟೈರ್‌ಗಳ ಮೇಲೆ 200 ಕಿಲೋ ಇರುತ್ತದೆ. ಟೈರ್ ಚೆನ್ನಾಗಿ ಬಿಸಿಯಾಗಿ, ಘರ್ಷಣೆಯ ಗುಣಾಂಕ 1.4 ಸಿಕ್ಕರೂ ಹಿಡಿತ 2,750 ನ್ಯೂಟನ್ ದಾಟುವುದಿಲ್ಲ. 45 ಹಲ್ಲಿಗೇ ಚಕ್ರ ಜಾರುತ್ತದೆ. 50ಕ್ಕೆ ಹೊಗೆ ಹೆಚ್ಚುತ್ತದೆ, ಓಟ ಹೆಚ್ಚುವುದಿಲ್ಲ. 38ಕ್ಕೆ ಬಂದರೆ ಬಲ 2,550ರ ಹತ್ತಿರ ನಿಲ್ಲುತ್ತದೆ: ಹಿಡಿತದ ಅಂಚಿನಲ್ಲೇ ಇದೆ, ಅದನ್ನು ಮೀರಿಲ್ಲ. ನಿಮ್ಮ ಕಾರಿನ ತೂಕ, ನಿಮ್ಮ ಟೈರಿನ ಅಂಕಿ ಹಾಕಿ ಇದೇ ಲೆಕ್ಕವನ್ನು ಮತ್ತೆ ಮಾಡಿ. ವಿನ್ಯಾಸ ಪರೀಕ್ಷೆಯಲ್ಲಿ ತೀರ್ಪುಗಾರರು ಕೇಳುವುದು ಈ ಲೆಕ್ಕವನ್ನೇ.

ಇನ್ನು ಗೇರ್ ಬದಲಾವಣೆ. 9,000 ಆರ್‌ಪಿಎಂನಲ್ಲಿ 45 ಹಲ್ಲಿನ ಸ್ಪ್ರಾಕೆಟ್ ಕೊಡುವ ವೇಗ ಮೊದಲ ನಾಲ್ಕು ಗೇರುಗಳಲ್ಲಿ ಗಂಟೆಗೆ 35, 51, 66, 83 ಕಿಲೋಮೀಟರ್. 38 ಹಲ್ಲಿನದು ಕೊಡುವುದು 42, 60, 79, 98. ಆ್ಯಕ್ಸಿಲರೇಶನ್ ಪರೀಕ್ಷೆಯ ಓಟ 75 ಮೀಟರ್. ಕೊನೆಯ ಗೆರೆ ದಾಟುವಾಗ ಇಂಥ ಕಾರು 90ರ ಸುಮಾರಿನಲ್ಲಿರುತ್ತದೆ. 45 ಇದ್ದರೆ ಅಷ್ಟರೊಳಗೆ ಐದನೆಯ ಗೇರಿಗೆ ಹೋಗಲೇಬೇಕು, 38 ಇದ್ದರೆ ನಾಲ್ಕರಲ್ಲೇ ಮುಗಿಯುತ್ತದೆ. ನಾಲ್ಕೂವರೆ ಸೆಕೆಂಡಿನ ಓಟದಲ್ಲಿ ಒಂದು ಗೇರ್ ಬದಲಾವಣೆ ಉಳಿಯಿತೆಂದರೆ ಅದು ಸಣ್ಣ ಲಾಭವಲ್ಲ.

ಎಂಜಿನ್ ಎಳೆಯುವ ಗಾಳಿಯೆಲ್ಲ 20 ಮಿಮೀ ರಂಧ್ರದಿಂದಲೇ ಹೋಗಬೇಕೆಂಬ ನಿಯಮವಿದೆ. ‘ಹಾಗಾದರೆ ಟಾರ್ಕ್ ಇಳಿಯುತ್ತದೆ, ದೊಡ್ಡ ಸ್ಪ್ರಾಕೆಟ್ ಬೇಕು’ ಎಂಬ ವಾದ ಕೇಳಿಬರುತ್ತದೆ. ಆ ರಂಧ್ರ ಹೆಚ್ಚಾಗಿ ಕತ್ತರಿಸುವುದು ಮೇಲಿನ ಆರ್‌ಪಿಎಂನ ಶಕ್ತಿಯನ್ನು. ಅಂದಮೇಲೆ ನೀವು 9,000ಕ್ಕೆ ಮೊದಲೇ ಗೇರ್ ಬದಲಿಸುತ್ತೀರಿ, ಪ್ರತಿ ಗೇರಿನ ವ್ಯಾಪ್ತಿ ಇನ್ನೂ ಕುಗ್ಗುತ್ತದೆ. ಆ ವಾದ ಹೊರಳಿ ಚಿಕ್ಕ ಸ್ಪ್ರಾಕೆಟ್‌ನ ಪರವೇ ನಿಲ್ಲುತ್ತದೆ.

ಹಾಗೆಂದು 34ಕ್ಕೆ ಇಳಿಯಬೇಡಿ. 22 ಕಿಲೋಮೀಟರ್‌ನ ಎಂಡ್ಯೂರೆನ್ಸ್ ಓಟದಲ್ಲಿ ಬಿಗಿ ತಿರುವುಗಳಿಂದ 30ರ ವೇಗದಲ್ಲಿ ಹೊರಬರುತ್ತೀರಿ. ಆಗ ಎರಡನೆಯ ಗೇರಿನಲ್ಲಿ 38 ಹಲ್ಲಿನ ಕಾರು 4,500 ಆರ್‌ಪಿಎಂನಲ್ಲಿರುತ್ತದೆ. ಅದಕ್ಕಿಂತ ಕೆಳಗೆ ಒಂಟಿ ಸಿಲಿಂಡರ್ ಎಂಜಿನ್ ಮುಗ್ಗರಿಸುತ್ತದೆ, ಚಾಲಕ ತಿರುವು ತಿರುವಿಗೂ ಮೊದಲನೆಯ ಗೇರಿಗೆ ಇಳಿಯಬೇಕಾಗುತ್ತದೆ.

ಇಷ್ಟಕ್ಕೆ ನಿಮ್ಮ ಪ್ರಶ್ನೆಗೆ ಉತ್ತರ ಮುಗಿಯಿತು. ಆದರೆ ನೀವು ಕೇಳದೆ ಬಿಟ್ಟದ್ದು ನನಗೆ ಹೆಚ್ಚು ಚಿಂತೆಯ ವಿಷಯ. ಕಾರುಗಳು ಅರ್ಧದಲ್ಲಿ ನಿಲ್ಲುವುದು ಅನುಪಾತ ತಪ್ಪಿದ್ದಕ್ಕಲ್ಲ, ಚೈನ್ ಕಳಚಿದ್ದಕ್ಕೆ.

ಚೈನ್ ಎಷ್ಟು ಬಲದಿಂದ ಎಳೆಯುತ್ತದೆ? 35 ನ್ಯೂಟನ್ ಮೀಟರ್ ಟಾರ್ಕ್ ಮೊದಲನೆಯ ಗೇರಿನಲ್ಲಿ ಮುಂದಿನ ಸ್ಪ್ರಾಕೆಟ್‌ಗೆ ಬರುವಷ್ಟರಲ್ಲಿ 249 ಆಗಿರುತ್ತದೆ. 15 ಹಲ್ಲಿನ ಆ ಸ್ಪ್ರಾಕೆಟ್‌ನ ತ್ರಿಜ್ಯ 38 ಮಿಮೀ. ಭಾಗಿಸಿ ನೋಡಿ: 6,500 ನ್ಯೂಟನ್, ಅಂದರೆ 660 ಕಿಲೋ ತೂಕ ನೇತುಹಾಕಿದಷ್ಟು. ಹಿಂದೆ ಎಷ್ಟೇ ಹಲ್ಲಿರಲಿ, ಈ ಅಂಕಿ ಬದಲಾಗುವುದಿಲ್ಲ. ಮುಂದೆ 13 ಹಲ್ಲಿನದು ಹಾಕಿದರೆ ಮಾತ್ರ 7,500ಕ್ಕೆ ಏರುತ್ತದೆ. ಆದ್ದರಿಂದ ಮುಂದಿನದನ್ನು ಚಿಕ್ಕದು ಮಾಡಬೇಡಿ. ಕ್ಲಚ್ಚನ್ನು ಥಟ್ಟನೆ ಬಿಟ್ಟಾಗಿನ ಹೊಡೆತ ಇದಕ್ಕಿಂತ ಎಷ್ಟೋ ಹೆಚ್ಚು.

ಹಿಂದಿನ ಸ್ಪ್ರಾಕೆಟ್ ಕೂರುವುದು ಡಿಫರೆನ್ಶಿಯಲ್ ಮೇಲೆ, ಅಂದರೆ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಘಟಕದ ಮೇಲೆ. ಈ ಎಳೆತಕ್ಕೆ ಅದು ಒಂದೆರಡು ಮಿಮೀ ಮುಂದಕ್ಕೆ ಬಾಗಿದರೂ ಚೈನ್ ಸಡಿಲವಾಗಿ ಹಲ್ಲಿನ ಮೇಲೆ ಹಾರುತ್ತದೆ. ಡಿಫರೆನ್ಶಿಯಲ್ ಹಿಡಿಯುವ ಕ್ಯಾರಿಯರ್‌ಗಳನ್ನು ಚಾಸಿಯ ಕೊಳವೆಗಳಿಗಷ್ಟೇ ಕಟ್ಟದೆ ಎಂಜಿನ್ ಮೌಂಟ್‌ಗೂ ನೇರವಾಗಿ ಜೋಡಿಸಿ. ಚೈನ್ ಇರುವ ಬದಿಯ ಕ್ಯಾರಿಯರ್ ದಪ್ಪವಿರಲಿ. ಭಾರದ ಬಹುಪಾಲು ಅದರದೇ. ಎರಡನ್ನೂ ಒಟ್ಟಿಗೆ ಕಟ್ಟಿ ಒಂದೇ ಸೆಟ್ಟಿಂಗ್‌ನಲ್ಲಿ ಬೋರ್ ಮಾಡಿಸಿ (ರಂಧ್ರ ಕೊರೆಸಿ). ಭೋಸರಿಯ ಜಾಬ್‌ಶಾಪ್‌ಗಳಲ್ಲಿ ನಮ್ಮ ಕಡೆಯ ಟರ್ನರ್‌ಗಳು ಕಡಿಮೆಯಿಲ್ಲ. ಡ್ರಾಯಿಂಗ್ ಹಿಡಿದುಕೊಂಡು ಹೋಗಿ ಕನ್ನಡದಲ್ಲೇ ಮಾತಾಡಿಸಿ. ಕಂಪ್ಯೂಟರ್ ತೋರಿಸದ ದೋಷ ಅವರ ಕಣ್ಣಿಗೆ ಬೀಳುತ್ತದೆ.

ಮೊದಲ ಪರೀಕ್ಷಾ ಓಟದ ನಂತರ ಸ್ಪ್ರಾಕೆಟ್‌ನ ಹಲ್ಲುಗಳನ್ನು ಹತ್ತಿರದಿಂದ ನೋಡಿ. ಎರಡೂ ಮಗ್ಗುಲು ಒಂದೇ ತೆರನಾಗಿದ್ದರೆ ಚಿಂತೆಯಿಲ್ಲ. ಒಂದೇ ಮಗ್ಗುಲು ಉಜ್ಜಿ ಹೊಳೆಯುತ್ತಿದ್ದರೆ ಮುಂದಿನದೂ ಹಿಂದಿನದೂ ಒಂದೇ ಸಾಲಿನಲ್ಲಿಲ್ಲ ಎಂದರ್ಥ. ಚೈನ್ ಬಿಗಿಗೊಳಿಸಿದರೆ ಅದು ಸರಿಹೋಗುವುದಿಲ್ಲ, ಬೇಗ ಸವೆಯುತ್ತದೆ.

ಡಿಫರೆನ್ಶಿಯಲ್ ವಿಷಯ ಬೇರೆಯೇ ಬರೆಯಬೇಕು. ಸದ್ಯಕ್ಕೆ ಇಷ್ಟು: ಸ್ಪರ್ಧೆಯ ಸ್ಕಿಡ್‌ಪ್ಯಾಡ್ ಪರೀಕ್ಷೆಯಲ್ಲಿ ಕಾರು ಸುತ್ತುವ ವೃತ್ತದಲ್ಲಿ ಒಳಚಕ್ರಕ್ಕಿಂತ ಹೊರಚಕ್ರ ಶೇಕಡಾ 13ರಿಂದ 14ರಷ್ಟು ಹೆಚ್ಚು ದೂರ ಸಾಗುತ್ತದೆ. ಎರಡನ್ನೂ ಒಂದೇ ಆ್ಯಕ್ಸಲ್‌ಗೆ ಬಿಗಿದರೆ ಕಾರು ತಿರುಗಲು ಒಪ್ಪದು. ಹಣವಿದ್ದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ (ಒಂದೇ ಚಕ್ರ ಸುಮ್ಮನೆ ಜಾರಿ ತಿರುಗದಂತೆ ತಡೆಯುವಂಥದ್ದು) ಕೊಳ್ಳಿ.

38 ಎಂದೆನಾದರೂ 36 ಮತ್ತು 40 ಹಲ್ಲಿನವನ್ನೂ ಅದೇ ಬೋಲ್ಟ್ ವೃತ್ತಕ್ಕೆ ಕತ್ತರಿಸಿಟ್ಟುಕೊಳ್ಳಿ. ಟ್ರ್ಯಾಕ್ ನೋಡಿ ಬದಲಿಸಬಹುದು. ಈ ಬೈಕಿನ 520 ಅಳತೆಯ ಚೈನಿನಲ್ಲಿ ಹಿಂದೆ ಎರಡು ಹಲ್ಲು ಹೆಚ್ಚಾದರೆ ಡಿಫರೆನ್ಶಿಯಲ್ 8ರಿಂದ 9 ಮಿಮೀ ಎಂಜಿನ್ ಕಡೆಗೆ ಬರಬೇಕು. ಅದೇ ಚೈನ್ ಮೂರಕ್ಕೂ ಆಗಬೇಕಾದರೆ 16ರಿಂದ 18 ಮಿಮೀ ಜಾಗ, ಚೈನ್ ಹಿಗ್ಗಿದಾಗ ಎಳೆಯಲು ಇನ್ನೊಂದು ನಾಲ್ಕೈದು. ಒಟ್ಟು 20 ಮಿಮೀಗೂ ಸ್ವಲ್ಪ ಹೆಚ್ಚು ಸರಿಯುವ ಹಾಗೆ ಕ್ಯಾರಿಯರ್ ಇರಬೇಕೆಂದು ಚಾಸಿ ಮಾಡುವವರಿಗೆ ವೆಲ್ಡಿಂಗ್‌ಗೆ ಮೊದಲೇ ತಿಳಿಸಿ.